ಚೀಟಿ ಮುಳುಗಿತು, ತಪ್ಪು ನಿಮ್ಮದಾ?

ನೀವು ಹೇಳಿದ ಚೀಟಿಗೆ ಸಹೋದ್ಯೋಗಿ ಸೇರಿದರು. ಚೀಟಿ ನಡೆಸುತ್ತಿದ್ದ ಹೆಂಗಸು ಊರು ಬಿಟ್ಟಳು. ‘ನಿಮ್ಮಿಂದಲೇ ನನ್ನ 2 ಲಕ್ಷ ಹೋಯಿತು’ ಅಂತ ಸಹೋದ್ಯೋಗಿ ದೂರುತ್ತಿದ್ದಾರೆ, ಇದು ನನ್ನ ತಪ್ಪಾ ಅಂತ ಕೇಳಿದ್ದೀರಿ.

ಮೊದಲು ಹಳೇ ವಾಟ್ಸಾಪ್ ಮೆಸೇಜು ತೆಗೆದು ಓದಿ. ನೆನಪು ನಮ್ಮ ಕಡೆಗೇ ವಾಲುತ್ತದೆ. ‘ನಾನೂ ಹಾಕಿದ್ದೀನಿ, ಬೇಕಾದರೆ ವಿಚಾರಿಸಿ’ ಅಂದಿದ್ದರೆ ಒಂದು ಲೆಕ್ಕ. ‘ಏನೂ ಆಗಲ್ಲ, ನಾನಿದ್ದೀನಲ್ಲ’ ಅಂದಿದ್ದರೆ ಬೇರೆ ಲೆಕ್ಕ. ಜನ ಸೇರಿಸಿದ್ದಕ್ಕೆ ಆಕೆ ನಿಮಗೊಂದು ಕಂತು ಬಿಟ್ಟಿದ್ದರೆ ಸುಮ್ನೆ ವಾದ ಬೇಡ, ಅಷ್ಟು ಭಾಗ ನಿಮ್ಮದೇ.

ನನಗೂ ಹೀಗಾಗಿತ್ತು. ಚಿಕ್ಕಮ್ಮನನ್ನು ಒಂದು ಚೀಟಿಗೆ ಸೇರಿಸಿದ್ದೆ. ಮುಳುಗಿದಾಗ ‘ನನ್ನ ದುಡ್ಡೂ ಹೋಯ್ತಲ್ಲ’ ಅಂತ ಜೋರು ಮಾಡಿದೆ. ಆದರೆ ಚೀಟಿ ಎತ್ತಿದವರಿಗೆ ದುಡ್ಡು ಸಿಕ್ಕಿಲ್ಲ ಅನ್ನೋದು ಮೊದಲೇ ನನ್ನ ಕಿವಿಗೆ ಬಿದ್ದಿತ್ತು. ಹೇಳಿರಲಿಲ್ಲ. ಚಿಕ್ಕಮ್ಮ ಆಮೇಲೂ ಎರಡು ಕಂತು ಕಟ್ಟಿದ್ದರು. ಆ ಎರಡು ಕಂತು ನಾನು ಕೊಟ್ಟೆ, ಉಳಿದದ್ದು ಕೊಡಲಿಲ್ಲ. (ಚಿಕ್ಕಪ್ಪ ಇನ್ನೂ ಮುಖ ಕೊಟ್ಟು ಮಾತಾಡಲ್ಲ.)

1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನಡೆಸುವವರು ಮೊದಲೇ ಸರ್ಕಾರದ ಅನುಮತಿ ಪಡೆದು ನೋಂದಣಿ ಮಾಡಿಸಬೇಕು. ಅದನ್ನು ನೀವೂ ಕೇಳಲಿಲ್ಲ, ಸಹೋದ್ಯೋಗಿಯೂ ಕೇಳಲಿಲ್ಲ, ಅಲ್ವಾ? ಅದು ಇಬ್ಬರ ಪಾಲು. ದುಡ್ಡು ಹೊಡೆದದ್ದು ಮಾತ್ರ ಆಕೆ.

ಚೀಟಿ ಪುಸ್ತಕ, ಯುಪಿಐ ದಾಖಲೆ ಹಿಡಿದು ಇಬ್ಬರೂ ಒಟ್ಟಿಗೆ ಠಾಣೆಗೆ ಹೋಗಿ ದೂರು ಕೊಡಿ. ದಾರಿಯಲ್ಲಿ ಆ ಮೆಸೇಜಿನ ವಿಷಯ ನೀವೇ ಎತ್ತಿ. ಅವರು ತೋರಿಸುವ ತನಕ ಕಾಯಬೇಡಿ.