ಸರ್ಕಾರ ಮತ್ತು ಖಾಸಗಿಯವರು ಸೇರಿ ಇಡೀ ದೇಶಕ್ಕೆ ಫೈಬರ್ ಹಾಕುವುದು ನಿಜವಾಗಿ ಸಾಧ್ಯವೇ? 2021ರ ಭಾರತ್‌ನೆಟ್ ಟೆಂಡರ್ ಯಾಕೆ ಬಿದ್ದುಹೋಯಿತು?

ಪಂಚಾಯಿತಿ ಕಚೇರಿಗೆ ಇಂಟರ್‌ನೆಟ್ ತರುವ ಫೈಬರ್ ಕೇಬಲ್ ಬಂದು ವರ್ಷಗಳಾದವು, ಊರಿನ ಮನೆಗಳಿಗೆ ಮಾತ್ರ ಇನ್ನೂ ಬಂದಿಲ್ಲ ಅಂತ ಬರೆದಿದ್ದೀರಿ. ಹಳ್ಳಿಗಳಿಗೆ ಫೈಬರ್ ಕೊಡುವ ಕೇಂದ್ರ ಸರ್ಕಾರದ ಭಾರತ್‌ನೆಟ್ ಯೋಜನೆಯನ್ನು ಖಾಸಗಿ ಕಂಪನಿಗಳನ್ನು ಸೇರಿಸಿಕೊಂಡು ಮಾಡುತ್ತೇವೆ ಅಂತ 2021ರಲ್ಲಿ ಹೇಳಿದ್ದು ಏನಾಯಿತು, ಬೇರೆ ಯಾವ ದೇಶದಲ್ಲಾದರೂ ಇದು ಆಗಿದೆಯಾ ಅಂತ ಕೇಳಿದ್ದೀರಿ. ನಾನು ಫೈಬರ್ ಕೇಬಲ್ ಜೋಡಿಸುವ, ತುಂಡಾದಾಗ ಹುಡುಕಿ ರಿಪೇರಿ ಮಾಡುವ ಕೆಲಸದವನು. ಟೆಂಡರ್ ಬರೆಯುವವನಲ್ಲ. ಆದರೆ ಟೆಂಡರ್‌ನಲ್ಲಿ ಏನು ಬರೆದಿದ್ದಾರೆ, ಏನು ಬಿಟ್ಟಿದ್ದಾರೆ ಅನ್ನುವುದು ಗುಂಡಿ ಪಕ್ಕ ಕೂತವರಿಗೆ ಬೇಗ ಗೊತ್ತಾಗುತ್ತದೆ.

ಮೊದಲು ನೇರ ಉತ್ತರ. ಸಾಧ್ಯ ಇದೆ, ನ್ಯೂಜಿಲೆಂಡ್ ಮಾಡಿ ತೋರಿಸಿದೆ. ನಮ್ಮಲ್ಲಿ 2021ರ ಟೆಂಡರ್‌ಗೆ ಯಾರೂ ಬರಲಿಲ್ಲ. ಕೇಬಲ್ ಎರಡೂ ಕಡೆ ಒಂದೇ. ಗಿರಾಕಿ ಬರದೇ ಹೋದರೆ ನಷ್ಟ ಯಾರದ್ದು ಅನ್ನುವುದನ್ನು ಅವರು ಒಂದು ರೀತಿ ಬರೆದರು, ನಾವು ಇನ್ನೊಂದು ರೀತಿ ಬರೆದೆವು.

ನಮ್ಮ ಕಥೆ ಶುರುವಾಗಿದ್ದು 2011ರ ಅಕ್ಟೋಬರ್‌ನಲ್ಲಿ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಕೊಡಬೇಕು ಅಂತ ಕೇಂದ್ರ ಸಂಪುಟ ಒಪ್ಪಿತು. 2012ರಲ್ಲಿ ಅದಕ್ಕೆಂದೇ ಬಿಬಿಎನ್‌ಎಲ್ ಅನ್ನುವ ಸರ್ಕಾರಿ ಕಂಪನಿ ಮಾಡಿದರು. ದುಡ್ಡು ಬರುತ್ತಿದ್ದದ್ದು ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಶೇಕಡಾ 5ರಷ್ಟು ಕಟ್ಟುವ ನಿಧಿಯಿಂದ. ಅಂದರೆ ನಾವು ನೀವು ಮೊಬೈಲ್‌ಗೆ ಹಾಕಿಸುವ ರೀಚಾರ್ಜ್‌ನಲ್ಲೇ ಇದರ ಪಾಲೂ ಇದೆ. ಮೊದಲು ಅದನ್ನು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಅನ್ನುತ್ತಿದ್ದರು, ಭಾರತ್‌ನೆಟ್ ಅನ್ನುವ ಹೆಸರು ಆಮೇಲೆ ಬಂತು. ಬಿಎಸ್‌ಎನ್‌ಎಲ್, ರೈಲ್‌ಟೆಲ್, ಪವರ್‌ಗ್ರಿಡ್ ಅನ್ನುವ ಸರ್ಕಾರಿ ಕಂಪನಿಗಳು ಸೇರಿ ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿಸುವಷ್ಟರಲ್ಲಿ 2017ರ ಕೊನೆ ಬಂದಿತ್ತು.

ಆ ಮೊದಲ ಹಂತದಲ್ಲಿ ಒಂದು ಉಳಿತಾಯದ ಲೆಕ್ಕ ಇತ್ತು. ತಾಲೂಕು ಕೇಂದ್ರದಿಂದ ಹೊರಟ ಹಳೇ ಫೈಬರ್ ಆಗಲೇ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಅದನ್ನೇ ಬಳಸುವುದು, ಅಲ್ಲಿಂದ ಮುಂದೆ ಪಂಚಾಯಿತಿವರೆಗೆ ಮಾತ್ರ ಹೊಸದು ಹಾಕುವುದು. ಖರ್ಚು ಕಮ್ಮಿ, ಒಪ್ಪೋಣ. ಆದರೆ ದಾರಿ ಒಂದೇ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ತುಂಡಾದರೆ ಅದರ ಆಚೆಗಿನ ಪಂಚಾಯಿತಿ ಅಷ್ಟೂ ಕತ್ತಲು. ಅಲ್ಲೇ ಕೆಲಸದ ಮೇಲೆ ಬಂದವರು ಇ-ಸ್ವತ್ತು ನಮೂನೆ 9, 11ರಂಥ ಆಸ್ತಿ ದಾಖಲೆಗೆ ಕಾಯುತ್ತಾ ಕೂರುತ್ತಾರೆ. ಸಿಬ್ಬಂದಿ ತಮ್ಮ ಮೊಬೈಲ್‌ನಿಂದಲೇ ಹಾಟ್‌ಸ್ಪಾಟ್ ಹಾಕಿ ಹೇಗೋ ನಡೆಸುತ್ತಾರೆ. ಇದು ನಿಮ್ಮ ಊರಲ್ಲೂ ಕಂಡಿರಬಹುದು, ಅಲ್ವಾ?

ತುಂಡಾಗುವುದು ಹೇಗೆ ಅಂತ ಸ್ವಲ್ಪ ಹೇಳಬೇಕು. ಯಾಕೆಂದರೆ ಪಾಲುದಾರಿಕೆಯ ಜಗಳ ಎಲ್ಲಾ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ನೆಲದಡಿಯ ಕೇಬಲ್ 1.65 ಮೀಟರ್ ಆಳದಲ್ಲಿರಬೇಕು ಅಂತ ನಿಯಮ. ಬಂಡೆ ಸಿಕ್ಕ ಕಡೆ ಅಷ್ಟು ಆಳ ಹೋಗಿರುವುದಿಲ್ಲ. ರಸ್ತೆ ಅಗಲ ಮಾಡುವವರು, ನೀರಿನ ಪೈಪ್ ಹಾಕುವವರು ಜೆಸಿಬಿ ತಂದು ಬಗೆಯುತ್ತಾರೆ. ಒಂದೇ ಎಳೆತಕ್ಕೆ ಕೇಬಲ್ ಹೋಗುತ್ತದೆ. ನಮಗೆ ಫೋನ್ ಬರುವುದು ಆಮೇಲೆ.

ಒಟಿಡಿಆರ್ ಅನ್ನುವ ಯಂತ್ರ ಹಚ್ಚಿ ಒಂದು ತುದಿಯಿಂದ ಬೆಳಕು ಬಿಡುತ್ತೇವೆ. ಎಷ್ಟು ಮೀಟರ್ ಹೋಗಿ ಬೆಳಕು ನಿಂತಿದೆ ಅಂತ ಪರದೆ ಮೇಲೆ ಬರುತ್ತದೆ. ಆದರೆ ಅದು ಕೇಬಲ್‌ನ ಉದ್ದ, ರಸ್ತೆಯ ಉದ್ದ ಅಲ್ಲ. ಪ್ರತಿ ಜಾಯಿಂಟ್‌ನಲ್ಲೂ ಮುಂದೆ ಬೇಕಾಗುತ್ತದೆ ಅಂತ ಒಂದಷ್ಟು ಕೇಬಲ್ ಸುತ್ತಿ ಹೂತಿರುತ್ತಾರೆ. ಹಾಕಿದವರು ಸರಿಯಾದ ನಕ್ಷೆ ಬರೆದಿಟ್ಟಿದ್ದರೆ ನೇರ ಆ ಜಾಗಕ್ಕೇ ಹೋಗಬಹುದು. ಬಿಲ್ ಪಾಸಾಗಲಿ ಅಂತ ಸುಮ್ನೆ ಒಂದು ಗೆರೆ ಎಳೆದು ಕೊಟ್ಟಿದ್ದರೆ ರಸ್ತೆ ಬದಿಯಲ್ಲಿ ಮಣ್ಣು ಹೊಸದಾಗಿ ಕಾಣುವ ಕಡೆಯೆಲ್ಲ ನೋಡುತ್ತಾ ನಡೆಯಬೇಕು. ಜಾಗ ಸಿಕ್ಕಿದ ಮೇಲೆ ಕೇಬಲ್‌ನ ಸಿಪ್ಪೆ ಬಿಡಿಸಿ ಒಳಗಿನ ಎಳೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತೇವೆ: ನೀಲಿ, ಕಿತ್ತಳೆ, ಹಸಿರು, ಕಂದು, ಹೀಗೆ. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಎಂಟನೇ ಒಂದು ಭಾಗ. ತುದಿ ಒರೆಸಿ, ನೆಟ್ಟಗೆ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್‌ನಲ್ಲಿಟ್ಟು ಬೆಸೆಯಬೇಕು. 24 ಎಳೆ ಇದ್ದರೆ 24 ಸಲ, ತುಂಡು ಹಾಕಿ ಜೋಡಿಸಿದರೆ ಅದರ ಎರಡರಷ್ಟು. ಗಾಳಿ, ಧೂಳು ಇದ್ದರೆ ಕಾರಿನ ಹಿಂದೆ ಬೆಡ್‌ಶೀಟ್ ಕಟ್ಟಿಕೊಂಡು ಮಾಡಿದ್ದೂ ಇದೆ.

ಇಷ್ಟು ಕೆಲಸಕ್ಕೆ ದುಡ್ಡು ಯಾರು ಕೊಡಬೇಕು? ಅಗೆದ ಗುತ್ತಿಗೆದಾರ ನನಗೆ ಗೊತ್ತೇ ಇರಲಿಲ್ಲ ಅನ್ನುತ್ತಾನೆ. ಕೇಬಲ್ ಹಾಕಿದವನು ನನ್ನ ಅವಧಿ ಮುಗಿದಿದೆ ಅನ್ನುತ್ತಾನೆ. ಅಗೆಯುವ ಮೊದಲು ತಿಳಿಸಲಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಒಳ್ಳೆಯ ಆ್ಯಪ್. ಜೆಸಿಬಿ ಓಡಿಸುವ ಹುಡುಗನವರೆಗೂ ಅದು ತಲುಪಬೇಕು.

ಈಗ 2021ಕ್ಕೆ ಬರೋಣ. ಎಲ್ಲಾ ಆರು ಲಕ್ಷ ಹಳ್ಳಿಗೂ ಸಾವಿರ ದಿನದಲ್ಲಿ ಫೈಬರ್ ಅಂತ 2020ರ ಸ್ವಾತಂತ್ರ್ಯ ದಿನ ಪ್ರಧಾನಿ ಕೆಂಪುಕೋಟೆಯಲ್ಲಿ ಹೇಳಿದ್ದರು. ಮರುವರ್ಷ ಜೂನ್ 30ರಂದು ಸಂಪುಟ ಪಿಪಿಪಿ, ಅಂದರೆ ಸರ್ಕಾರ ಮತ್ತು ಖಾಸಗಿಯವರು ಸೇರಿ ಮಾಡುವ ಮಾದರಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕವೂ ಸೇರಿ 16 ರಾಜ್ಯ, ಸುಮಾರು 3.61 ಲಕ್ಷ ಹಳ್ಳಿ, ಒಟ್ಟು 9 ಪ್ಯಾಕೇಜ್, 30 ವರ್ಷದ ಒಪ್ಪಂದ. ಲಾಭ ಗಿಟ್ಟದ ಕಡೆ ತುಂಬಿಕೊಡಲು ಸರ್ಕಾರದ ಪಾಲು 19,041 ಕೋಟಿ ರೂಪಾಯಿ. ಸಣ್ಣ ಮೊತ್ತವೇನಲ್ಲ. ಆದರೂ ಒಂದು ಕಂಪನಿಯೂ ಬರಲಿಲ್ಲ. ಟೆಂಡರ್ ರದ್ದಾಯಿತು.

ಯಾಕೆ? ಕೆಲಸದಲ್ಲಿರುವವನಾಗಿ ನನಗೆ ಕಾಣುವುದು ಹೀಗೆ. ಗೆದ್ದವರು ಹೊಸ ಕೇಬಲ್ ಹಾಕುವುದಷ್ಟೇ ಅಲ್ಲ, ಆಗಲೇ ನೆಲದಲ್ಲಿದ್ದ ಹಳೆಯದನ್ನೂ ವಹಿಸಿಕೊಳ್ಳಬೇಕಿತ್ತು. ಅದು ಯಾವ ಸ್ಥಿತಿಯಲ್ಲಿದೆ ಅಂತ ಅಗೆದು ನೋಡದೆ ಯಾರೂ ಹೇಳುವಂತಿಲ್ಲ. ರಸ್ತೆ ಬದಿ ಅಗೆಯಲು ಪಂಚಾಯಿತಿ, ಲೋಕೋಪಯೋಗಿ, ಹೆದ್ದಾರಿ, ಅರಣ್ಯ, ರೈಲ್ವೆ ಹೀಗೆ ಒಬ್ಬೊಬ್ಬರ ಬಾಗಿಲಿಗೂ ಅನುಮತಿಗೆ ಅಲೆಯಬೇಕು. ಎಲ್ಲಕ್ಕಿಂತ ಜಾಸ್ತಿ ಭಯ ಗಿರಾಕಿಗಳದ್ದು. 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗ ಆಗಿ ಹಳ್ಳಿಯ ಮನೆಗಳು ಅದಕ್ಕೇ ಒಗ್ಗಿಕೊಂಡಿದ್ದವು. ತಿಂಗಳಿಗೆ ನಾನೂರು ಐನೂರು ಕೊಟ್ಟು ಮನೆಗೆ ಫೈಬರ್ ಹಾಕಿಸುವವರು ಎಷ್ಟು ಜನ? ಆ ಅನಿಶ್ಚಿತತೆಯನ್ನು 30 ವರ್ಷ ಹೊರಬೇಕಾದದ್ದು ಕಂಪನಿ. ಇನ್ನೊಂದು ಮಾತು. ಲಾಭ ಇರುವ ಪೇಟೆ, ಪಟ್ಟಣಗಳಲ್ಲಿ ಕಂಪನಿಗಳು ಆಗಲೇ ತಮ್ಮ ಕೇಬಲ್ ಹಾಕಿಕೊಂಡಿದ್ದವು. ಪ್ಯಾಕೇಜ್‌ನಲ್ಲಿ ಉಳಿದದ್ದು ನಷ್ಟದ ಭಾಗ ಮಾತ್ರ.

ಇದೇ ಪೆಟ್ಟು ಹೆದ್ದಾರಿಯವರು ಮೊದಲೇ ತಿಂದಿದ್ದರು. ಟೋಲ್ ವಸೂಲಿ ಪೂರ್ತಿ ಕಂಪನಿಯ ಹಣೆಬರಹ ಅಂದಾಗ ರಸ್ತೆ ಕಟ್ಟಲು ಯಾರೂ ಮುಂದೆ ಬರದಂತಾಯಿತು. 2016ರಲ್ಲಿ ಹೈಬ್ರಿಡ್ ಆನ್ಯುಯಿಟಿ ಅನ್ನುವ ಮಾದರಿ ತಂದರು. ಕಟ್ಟುವಾಗಲೇ ಶೇಕಡಾ 40 ಸರ್ಕಾರ ಕೊಡುತ್ತದೆ, ಉಳಿದದ್ದನ್ನು ವರ್ಷಗಟ್ಟಲೆ ಕಂತಿನಲ್ಲಿ ಕೊಡುತ್ತದೆ. ಟೋಲ್ ಎಷ್ಟು ಬಂದರೂ ಅದು ಸರ್ಕಾರದ್ದು. ಕಂಪನಿಗಳು ಮತ್ತೆ ಬಂದವು. ಐದು ವರ್ಷ ಕಳೆದು ಫೈಬರ್ ಟೆಂಡರ್ ಬರೆಯುವಾಗ ಈ ಪಾಠ ಯಾಕೆ ನೆನಪಾಗಲಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ನ್ಯೂಜಿಲೆಂಡ್‌ನವರು ಮಾಡಿದ್ದು ನೋಡಿ. 2008ರ ಚುನಾವಣೆಯಲ್ಲಿ ನ್ಯಾಷನಲ್ ಪಕ್ಷ 150 ಕೋಟಿ ಡಾಲರ್ (ಅವರ ಡಾಲರ್) ಫೈಬರ್‌ಗೆ ಹಾಕುತ್ತೇವೆ ಅಂತ ಮಾತು ಕೊಟ್ಟಿತ್ತು. ಗೆದ್ದ ಮೇಲೆ ಕ್ರೌನ್ ಫೈಬರ್ ಹೋಲ್ಡಿಂಗ್ಸ್ ಅನ್ನುವ ಸರ್ಕಾರಿ ಸಂಸ್ಥೆ ಮಾಡಿ ನಾಲ್ಕು ಪಾಲುದಾರರನ್ನು ಆರಿಸಿದರು. ದೊಡ್ಡ ಪಾಲು ಕೋರಸ್ ಅನ್ನುವ ಕಂಪನಿಗೆ. ಫಾಂಗರೇಯಲ್ಲಿ ನಾರ್ತ್‌ಪವರ್, ಹ್ಯಾಮಿಲ್ಟನ್ ಕಡೆ ಅಲ್ಟ್ರಾಫಾಸ್ಟ್ ಫೈಬರ್, ಕ್ರೈಸ್ಟ್‌ಚರ್ಚ್‌ನಲ್ಲಿ ಅಲ್ಲಿನ ನಗರಸಭೆಯದ್ದೇ ಆದ ಎನೇಬಲ್. ನಾರ್ತ್‌ಪವರ್, ಅಲ್ಟ್ರಾಫಾಸ್ಟ್ ಎರಡೂ ಸ್ಥಳೀಯ ಕರೆಂಟ್ ಕಂಪನಿಗಳ ಕುಟುಂಬದವು. ಕಂಬ, ಕೆಲಸಗಾರರು, ಊರಿನ ಪರಿಚಯ ಎಲ್ಲಾ ಮೊದಲೇ ಇತ್ತು.

ಅವರ ಷರತ್ತುಗಳಲ್ಲಿ ಎರಡು ನನಗೆ ತುಂಬಾ ಹಿಡಿಸಿದವು. ಒಂದು, ಸರ್ಕಾರದ ಹಣದಲ್ಲಿ ಫೈಬರ್ ಹಾಕುವವರು ಮನೆಗಳಿಗೆ ನೇರವಾಗಿ ಇಂಟರ್‌ನೆಟ್ ಮಾರುವಂತಿಲ್ಲ. ಎಲ್ಲಾ ಕಂಪನಿಗೂ ಒಂದೇ ದರದಲ್ಲಿ ಸಗಟು ಕೊಡಬೇಕು. ಈ ಒಂದು ಷರತ್ತಿಗಾಗಿ ಟೆಲಿಕಾಂ ನ್ಯೂಜಿಲೆಂಡ್ ಅನ್ನುವ ದೈತ್ಯ ಕಂಪನಿ 2011ರಲ್ಲಿ ಎರಡಾಗಿ ಒಡೆಯಿತು. ಜಾಲದ ಭಾಗ ಕೋರಸ್ ಆಯಿತು, ಮಾರುವ ಭಾಗ ಬೇರೆ ಉಳಿಯಿತು. ಎರಡು, ಹಣ ಕೊಡುವ ಕ್ರಮ. ಮನೆ ಮುಂದಿನ ಬೀದಿವರೆಗೆ ಕೇಬಲ್ ಬಂದು ಪರೀಕ್ಷೆ ಆದ ಮೇಲೆ ಮನೆ ಲೆಕ್ಕದಲ್ಲಿ ಕೋರಸ್‌ಗೆ 1,118 ಡಾಲರ್. ಅದೂ ದಾನ ಅಲ್ಲ. ಅರ್ಧ ಬಡ್ಡಿ ಇಲ್ಲದ ಸಾಲ, ಅರ್ಧ ಷೇರಿನ ರೂಪ. ವಾಪಸು ಕೊಡುವುದು 2025ರಿಂದ. ಸಣ್ಣ ಕಂಪನಿಗಳ ವಿಷಯದಲ್ಲಿ ಗಿರಾಕಿ ಬಂದಂತೆಲ್ಲಾ ಅವರು ಸರ್ಕಾರದ ಪಾಲನ್ನು ಕೊಂಡುಕೊಳ್ಳುವುದು, ಆ ಹಣ ಮತ್ತೆ ಮುಂದಿನ ಬೀದಿಗೆ. ಗಿರಾಕಿ ನಿಧಾನಕ್ಕೆ ಬಂದರೆ ಕಾಯುವವರು ಸರ್ಕಾರ.

ಮೊದಲ ಗುರಿ 2019ರ ಹೊತ್ತಿಗೆ ಜನಸಂಖ್ಯೆಯ ಶೇಕಡಾ 75. ಆಮೇಲೆ ಅದನ್ನು 87ಕ್ಕೆ ಏರಿಸಿ 2022ರ ಕೊನೆಗೆ ಮುಗಿಸಿದರು. ಒಂದು ಮಾತು ಮರೆಯಬಾರದು. ಅವರು ಊರು ಪಟ್ಟಣಗಳಿಂದ ಶುರು ಮಾಡಿದರು. ಉಳಿದ ಹಳ್ಳಿಗಾಡಿಗೆ ಬೇರೆಯೇ ಯೋಜನೆ, ಅಲ್ಲಿ ವೈರ್‌ಲೆಸ್ ಜಾಸ್ತಿ. ನಾವು ಶುರು ಮಾಡಿದ್ದೇ ಕಷ್ಟದ ತುದಿಯಿಂದ. ಹಾಗಾಗಿ ಅವರ ಮಾದರಿಯನ್ನು ಹಾಗೇ ತಂದು ನಮ್ಮ ಗ್ರಾಮ ಪಂಚಾಯಿತಿಗೆ ಅಂಟಿಸಲು ಬರುವುದಿಲ್ಲ. ಆ ಎರಡು ಷರತ್ತನ್ನು ತರಬಹುದು.

2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ಈಗಿನ ಭಾರತ್‌ನೆಟ್ ಯೋಜನೆಯಲ್ಲಿ ಎರಡನೆಯ ಷರತ್ತು ಸ್ವಲ್ಪ ಮಟ್ಟಿಗೆ ಬಂದಿದೆ. ಮೊತ್ತ 1,39,579 ಕೋಟಿ. ಉಸ್ತುವಾರಿ ಬಿಎಸ್‌ಎನ್‌ಎಲ್‌ನದ್ದು. ಗೆದ್ದ ಕಂಪನಿ 3 ವರ್ಷದಲ್ಲಿ ಕಟ್ಟಬೇಕು, 10 ವರ್ಷ ನೋಡಿಕೊಳ್ಳಬೇಕು. ನೋಡಿಕೊಳ್ಳುವುದಕ್ಕೆ ಕಟ್ಟಿದ ವೆಚ್ಚದ ಶೇಕಡಾ 5.5ರಂತೆ ಮೊದಲ ಐದು ವರ್ಷ, 6.5ರಂತೆ ನಂತರದ ಐದು ವರ್ಷ ಸಿಗುತ್ತದೆ. ಗಿರಾಕಿಗಳ ಚಿಂತೆ ಕಂಪನಿಗಿಲ್ಲ. ಈ ಸಲ ಕಂಪನಿಗಳು ಬಂದವು. ಕರ್ನಾಟಕ, ಗೋವಾ, ಪುದುಚೇರಿಯ ಪ್ಯಾಕೇಜ್ ಪಾಲಿಕ್ಯಾಬ್ ಅನ್ನುವ ಕಂಪನಿಗೆ ಸಿಕ್ಕಿದೆ. ತಾಲೂಕು ಕೇಂದ್ರದಿಂದ ಪಂಚಾಯಿತಿಗೆ ಈಗ ರಿಂಗ್, ಅಂದರೆ ಎರಡು ದಾರಿ. ಒಂದು ಕಡೆ ಜೆಸಿಬಿ ಹೊಡೆದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಕಟ್ಟಿದವನೇ ಹತ್ತು ವರ್ಷ ರಿಪೇರಿ ಮಾಡಬೇಕು ಅಂದರೆ ಆಳ ಸರಿಯಾಗಿ ತೋಡುತ್ತಾನೆ, ನಕ್ಷೆ ಸರಿಯಾಗಿ ಬರೆಯುತ್ತಾನೆ. ನನಗೆ ಇದರಲ್ಲಿ ನಂಬಿಕೆ ಇದೆ.

ಮೊದಲನೇ ಷರತ್ತಿನ ಬಗ್ಗೆ ಮಾತ್ರ ಚಿಂತೆ. ಬಿಬಿಎನ್‌ಎಲ್ ಹುಟ್ಟಿದ್ದೇ ಎಲ್ಲರಿಗೂ ಭೇದ ಇಲ್ಲದೆ ಸಗಟು ಕೊಡುವುದಕ್ಕೆ. 2022ರಲ್ಲಿ ಅದನ್ನು ಬಿಎಸ್‌ಎನ್‌ಎಲ್ ಜೊತೆ ವಿಲೀನ ಮಾಡುವ ತೀರ್ಮಾನ ಆಯಿತು. ಬಿಎಸ್‌ಎನ್‌ಎಲ್ ತಾನೇ ಮನೆಗಳಿಗೆ ಇಂಟರ್‌ನೆಟ್ ಮಾರುವ ಕಂಪನಿ. ನಿಮ್ಮ ಊರಿನ ಕೇಬಲ್‌ನವರು ನಾಳೆ ಬಂದು ಒಂದು ಜೊತೆ ಎಳೆ ಬಾಡಿಗೆಗೆ ಕೇಳಿದರೆ ಅದೇ ದರದಲ್ಲಿ ಸಿಗಬೇಕು. ಜನರ ದುಡ್ಡಿನಲ್ಲಿ ಹಾಕಿದ ಕೇಬಲ್‌ಗೆ ಇಷ್ಟು ಕೇಳುವ ಹಕ್ಕು ನಮಗಿದೆ.

ನಿಮ್ಮ ಮಟ್ಟದಲ್ಲಿ ಆಗುವ ಕೆಲಸ ಹೇಳುತ್ತೇನೆ. ಪಿಡಿಒ ಅವರನ್ನು ಕೇಳಿ, ನಮ್ಮ ಪಂಚಾಯಿತಿ ರಿಂಗ್‌ಗೆ ಸೇರಿದೆಯಾ ಅಂತ. ಪಂಚಾಯಿತಿ ಕೇಂದ್ರ ಅಲ್ಲದ ಹಳ್ಳಿಗೆ ಬೇಡಿಕೆ ಇದ್ದರೆ ಕೊಡುತ್ತೇವೆ ಅಂತ ಯೋಜನೆಯಲ್ಲೇ ಇದೆ. ಹಾಗಾಗಿ ಗ್ರಾಮಸಭೆಯಲ್ಲಿ ಬೇಡಿಕೆ ಬರೆಸಿ, ಅರ್ಜಿಯ ನಕಲು ಇಟ್ಟುಕೊಳ್ಳಿ. ಊರಲ್ಲಿ ಕೆಲಸ ಹುಡುಕುತ್ತಿರುವ ಡಿಪ್ಲೊಮಾ, ಐಟಿಐ ಹುಡುಗರಿದ್ದರೆ ಮನೆಮನೆಗೆ ಸಂಪರ್ಕ ಕೊಡುವ ಉದ್ಯಮಿಯಾಗಲು ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ವಿಚಾರಿಸಲಿ, ಆದಾಯದಲ್ಲಿ ಪಾಲು ಸಿಗುತ್ತದೆ. ರಸ್ತೆ ಬದಿ ಕೇಬಲ್‌ಗೆ ಅಗೆಯುತ್ತಿರುವುದು ಕಂಡರೆ ನಿಂತು ಆಳ ನೋಡಿ. ಮೊಣಕಾಲುದ್ದಕ್ಕೇ ಪೈಪ್ ಇಟ್ಟು ಮುಚ್ಚುತ್ತಿದ್ದರೆ ಮುಚ್ಚುವ ಮೊದಲೇ ಫೋಟೊ ತೆಗೆದು ಪಂಚಾಯಿತಿಗೆ ಕೊಡಿ.