ವಾರ್ಡಿನ ಇಂಗ್ಲಿಷ್ ಪ್ರಬಂಧಕ್ಕೂ ಬರುತ್ತದೆ

ಸಲಹೆ ಕೇಳಿ ಬಂದ ನರ್ಸ್ ಒಬ್ಬರ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ಮೂವತ್ತರ ಆಸುಪಾಸಿನ ಸ್ಟಾಫ್ ನರ್ಸ್. ಬ್ರಿಟನ್‌ನಲ್ಲಿ ಕೆಲಸ ಮಾಡುವ ಆಸೆ. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲಿ (ಓದು, ಆಲಿಸುವಿಕೆ, ಮಾತು) 7 ಕೇಳುತ್ತದೆ. ಇವರ ಬರವಣಿಗೆ ಮಾತ್ರ 6ಕ್ಕೇ ನಿಂತಿತ್ತು.

"ಇಂಗ್ಲಿಷ್ ತಲೆಗೆ ಹತ್ತಲ್ಲ ಮೇಡಂ. ಓದಿದ್ದು ಕನ್ನಡ ಮೀಡಿಯಂ ಅಲ್ವಾ?" ಎಂದರು.

ನೋಟ್‌ಬುಕ್ ತರಿಸಿ ನೋಡಿದೆ. ಸಾಲಾಗಿ ಪದಗಳು, ಎದುರಿಗೆ ಕನ್ನಡ ಅರ್ಥ, ಅಷ್ಟೇ. ನೈಟ್ ಡ್ಯೂಟಿ ಮುಗಿಸಿ ಬಂದು, ನಿದ್ದೆಗೆಟ್ಟು ಉರು ಹೊಡೆದದ್ದು. 'ಪ್ಲೆಥೊರಾ' (ವಿಪರೀತ ಹೆಚ್ಚು) ಎಂಬ ಪದವನ್ನು ಒಂದೇ ಪ್ರಬಂಧದಲ್ಲಿ ಮೂರು ಕಡೆ ತುರುಕಿದ್ದರು. ಈ ಪರೀಕ್ಷೆಯ ಬರವಣಿಗೆಯಲ್ಲಿ ಪದಬಳಕೆಗೆ ಕಾಲು ಭಾಗ ಅಂಕ ಇದೆ, ನಿಜ. ಆದರೆ ದೊಡ್ಡ ಪದ ಬಂದಿದೆ ಅಂತ ಸುಮ್ನೆ ಅಂಕ ಕೊಡುವುದಿಲ್ಲ. ಸರಿಯಾದ ಜಾಗದಲ್ಲಿ ಬಂದಿರಬೇಕು.

"ನಿನ್ನೆ ಹ್ಯಾಂಡೋವರ್‌ನಲ್ಲಿ ಏನು ಬರೆದ್ರಿ?" ಎಂದು ಕೇಳಿದೆ. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಗಳ ಸ್ಥಿತಿ ತಿಳಿಸುವುದೇ ಹ್ಯಾಂಡೋವರ್. ತಡವರಿಸದೆ ಹೇಳಿದರು: ಕಂಡೀಷನ್ ಡಿಟೀರಿಯರೇಟೆಡ್ (ಸ್ಥಿತಿ ಹದಗೆಟ್ಟಿತು), ಅಡ್ವರ್ಸ್ ರಿಯಾಕ್ಷನ್ (ಔಷಧಿಯ ಕೆಟ್ಟ ಪರಿಣಾಮ), ಕ್ರಾನಿಕ್ (ದೀರ್ಘಕಾಲದ), ಅಕ್ಯೂಟ್ (ತೀವ್ರ). ಇವೆಲ್ಲ ಮೇಲ್ಮಟ್ಟದ ಪದಗಳೇ! ವಾರ್ಡಿನಿಂದ ಹೊರಗೆ ತಂದರೆ ಸಾಕು. ಗಾಳಿಯ ಗುಣಮಟ್ಟ ಡಿಟೀರಿಯರೇಟ್ ಆಗುತ್ತದೆ. ನೀರಿನ ಕೊರತೆ ಅಕ್ಯೂಟ್ ಶಾರ್ಟೇಜ್. ವರ್ಷಗಟ್ಟಲೆ ಕಾಡುವ ನಿರುದ್ಯೋಗ ಕ್ರಾನಿಕ್. ಅವರು ಅಲ್ಲೇ ಪೆನ್ ತೆಗೆದು ಬರೆದುಕೊಂಡರು.

ಮೀಡಿಯಂ ಕಾರಣವಲ್ಲ ಎಂದು ಒತ್ತಿ ಹೇಳಿದೆ. ಇಂಗ್ಲಿಷಲ್ಲೇ ಬಿಎಸ್ಸಿ ನರ್ಸಿಂಗ್ ಪಾಸಾದವರು, ರೋಗಿಗಳ ಜೀವದ ಲೆಕ್ಕವನ್ನು ಅದೇ ಭಾಷೆಯಲ್ಲಿ ಬರೆಯುವವರು ಇವರು. ತಮ್ಮನ್ನು ಇಷ್ಟು ಹೀಗಳೆದುಕೊಳ್ಳುವುದು ಕಂಡು ನನಗೆ ಸಂಕಟವಾಯಿತು.

ಆಮೇಲೆ ಕೊಟ್ಟ ಸಲಹೆ ಇಷ್ಟು. ದಿನಕ್ಕೆ ಐದು ಪದ ಸಾಕು. ಒಂಟಿ ಪದ ಬೇಡ, ಅದರ ಜೊತೆಗೆ ಬರುವ ಪದವನ್ನೂ ಸೇರಿಸಿ ಬರೆಯಿರಿ, ಕೆಳಗೆ ನಿಮ್ಮದೇ ಒಂದು ವಾಕ್ಯ. ಕಾರ್ಡ್ ಮಾಡಿಕೊಂಡು ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ತೋರಿಸಿದ ಹಾಗೆ ಡಬ್ಬಿಗಳಲ್ಲಿ ಇಡಿ. ನೆನಪಾದ ಕಾರ್ಡ್ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ಜಾಸ್ತಿ ದಿನ ಬಿಟ್ಟು ನೋಡಿದರಾಯಿತು. ಮರೆತದ್ದು ಮೊದಲ ಡಬ್ಬಿಗೇ ವಾಪಸ್. ಪಟ್ಟಿ ಬೇಕೇ ಬೇಕು ಅನ್ನಿಸಿದರೆ ಭಾಷಾ ಸಂಶೋಧಕಿ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದೇ ಮೂಲದಿಂದ ಬಂದ ಪದಗಳ ಗುಂಪು) ಪಟ್ಟಿ ಇದೆ. ಕಾಲೇಜು ಮಟ್ಟದ ಶೈಕ್ಷಣಿಕ ಬರಹಗಳಲ್ಲಿ ಪದೇ ಪದೇ ಸಿಗುವ ಪದಗಳು ಅದರಲ್ಲಿವೆ.

ನೈಟ್ ಡ್ಯೂಟಿಯ ಮರುದಿನ ಮೊದಲು ನಿದ್ದೆ, ಆಮೇಲೆ ಓದು. ಇದನ್ನು ಎರಡು ಸಲ ಹೇಳಿದೆ. ಮತ್ತೆ ಫೀಸು ಕಟ್ಟುವ ಮುಂಚೆ ಹತ್ತು ಪ್ರಬಂಧ ಬರೆದು, ತಿಳಿದವರಿಂದ ತಿದ್ದಿಸಿಕೊಳ್ಳಲು ಒಪ್ಪಿದ್ದಾರೆ.