ತುಮಕೂರಿನಲ್ಲಿ ಬಿ.ಎಸ್ಸಿ. ಓದಿ ಬ್ಯಾಟರಿ ಸಂಶೋಧನೆಗೆ ಹೋಗಬಹುದಾ? ಇಲ್ಲಾ ಎಲೆಕ್ಟ್ರಾನಿಕ್ಸ್ ಕಡೆ ಹೋಗುವುದು ವಾಸಿಯಾ?

ಖಂಡಿತ ಹೋಗಬಹುದು. ಎರಡರಲ್ಲಿ ಒಂದನ್ನು ಈಗಲೇ ಆರಿಸಬೇಕು ಅಂತೇನೂ ಇಲ್ಲ.

ಬ್ಯಾಟರಿ ವಿಜ್ಞಾನಿ ಜಾನ್ ಗುಡಿನಫ್ ಅವರನ್ನೇ ನೋಡಿ. ಓದಿದ್ದು ಫಿಸಿಕ್ಸ್. 1950ರ ದಶಕದಲ್ಲಿ ಎಂಐಟಿಯ ಲಿಂಕನ್ ಲ್ಯಾಬ್‌ನಲ್ಲಿ ಕಂಪ್ಯೂಟರ್ ಮೆಮೊರಿಗೆ ಬೇಕಾದ ಫೆರೈಟ್ ಮೇಲೆ ಕೆಲಸ ಮಾಡಿದರು. ಅದು ಕಬ್ಬಿಣದ ಆಕ್ಸೈಡ್ ಸೇರಿದ ಸೆರಾಮಿಕ್. ಅಂಥ ಆಕ್ಸೈಡ್‌ಗಳ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು. ಅದೇ ಮುಂದೆ ಕೈಹಿಡಿಯಿತು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡಿನಿಂದ ಸುಮಾರು 4 ವೋಲ್ಟ್ ತೆಗೆಯಿತು. ಮೊಬೈಲ್ ಬ್ಯಾಟರಿಗೆ ಬುನಾದಿ ಅದೇ. 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ!

ಲ್ಯಾಬ್ ಕೆಲಸಕ್ಕೆ ತಾಳ್ಮೆ ಜಾಸ್ತಿ ಬೇಕು. ಇಂಥ ಆಕ್ಸೈಡಿನ ಪುಡಿಗೆ ಕಾರ್ಬನ್, ಅಂಟು ಬೆರೆಸಿ ಅಲ್ಯೂಮಿನಿಯಂ ಹಾಳೆಗೆ ತೆಳ್ಳಗೆ ಬಳಿಯುತ್ತಾರೆ. ಒಣಗಿಸಿ, ದುಂಡಗೆ ಕತ್ತರಿಸಿ, ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸಿನಲ್ಲೇ ಬಟನ್ ಸೆಲ್ ಜೋಡಿಸುತ್ತಾರೆ. ಲಿಥಿಯಂಗೆ ತೇವ ಆಗಿಬರಲ್ಲ. ಆಮೇಲೆ ನೂರಾರು ಸಲ ಚಾರ್ಜ್ ಮಾಡಿ, ಖಾಲಿ ಮಾಡಿ, ಎಲ್ಲಿ ಸೋತಿತು ಅಂತ ಹುಡುಕಬೇಕು. ನನ್ನ ಪ್ರಕಾರ ನಿಜವಾದ ವಿಜ್ಞಾನ ಇರುವುದು ಆ ಹುಡುಕಾಟದಲ್ಲಿ.

ಕೆಲಸವಂತೂ ಬೇಕಾದಷ್ಟಿದೆ. ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬಿಸಿಲೇ ಇರಲ್ಲ, ಅಲ್ವಾ? ಹಗಲಿನ ಕರೆಂಟನ್ನು ಅಗ್ಗವಾಗಿ ಕೂಡಿಡುವ ವಸ್ತು ಬೇಕು.

ಎಂ.ಎಸ್ಸಿ.ಯಂಥ ಕೋರ್ಸ್‌ಗಳ ಪ್ರವೇಶಕ್ಕೆ ನಡೆಯುವ ಜ್ಯಾಮ್ ಪರೀಕ್ಷೆಗೆ ತಯಾರಾಗಿ. ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಸಂಶೋಧನಾ ಕೇಂದ್ರ ಜೆಎನ್‌ಸಿಎಎಸ್‌ಆರ್‌ನಲ್ಲಿ ಬಿ.ಎಸ್ಸಿ. ಮುಗಿಸಿದವರಿಗೆ ಎಂ.ಎಸ್ಸಿ.ಯನ್ನೂ ಒಳಗೊಂಡ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ. ಅಲ್ಲಿಯತನಕ ಘನವಸ್ತುಗಳ ರಚನೆ ಮತ್ತು ಎಲೆಕ್ಟ್ರೋಕೆಮಿಸ್ಟ್ರಿ, ಇವೆರಡನ್ನು ಗಟ್ಟಿ ಮಾಡಿಕೊಳ್ಳಿ.